ಆನ್‌ಲೈನ್ ಇಂಗ್ಲಿಷ್ ಗೃಹಪಾಠ ನೆರವು

ಇಂಗ್ಲಿಷ್ ಪಾಠದ ಅಭ್ಯಾಸ ಪ್ರಶ್ನೆಗಳನ್ನು ವಿದ್ಯಾರ್ಥಿಗಳು ಅಂತರಜಾಲದ ಮೂಲಕ ಪರಸ್ಪರ ಕೇಳಿ, ಚರ್ಚಿಸಿ ಬಿಡಿಸಿಕೊಳ್ಳುವ ಕ್ರಮವನ್ನು ಆನ್‌ಲೈನ್ ಇಂಗ್ಲಿಷ್ ಗೃಹಪಾಠ ನೆರವು ಎನ್ನಬಹುದು. ಇದು ಸಹಪಾಠಿ ಕಲಿಕೆಯ ಒಂದು ರೂಪವಾಗಿದೆ.

ಹಿನ್ನೆಲೆ

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲಾಗುತ್ತಿದೆ. ಕನ್ನಡ ಮಾಧ್ಯಮದ ಅನೇಕ ಮಕ್ಕಳ ಮನೆಗಳಲ್ಲಿ ಇಂಗ್ಲಿಷ್ ಬಲ್ಲವರಿಲ್ಲದಿರುವುದರಿಂದ ಸಂದೇಹ ಪರಿಹಾರಕ್ಕೆ ಸಹಪಾಠಿಗಳೇ ಆಸರೆಯಾಗುತ್ತಾರೆ. ಕೋವಿಡ್-19ರ ಕಾರಣ 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದ ಬಳಿಕ ವಾಟ್ಸಾಪ್ ಗುಂಪುಗಳು ಇದಕ್ಕೆ ಬಳಕೆಯಾದವು. ಅದೇ ವರ್ಷ ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’ ಕಾರ್ಯಕ್ರಮವು ಮಕ್ಕಳನ್ನು ಮೊಬೈಲ್ ಇಲ್ಲದವರು, ಅಂತರಜಾಲವಿಲ್ಲದ ಮೊಬೈಲ್ ಉಳ್ಳವರು, ಅಂತರಜಾಲಸಹಿತ ಸ್ಮಾರ್ಟ್‌ಫೋನ್ ಉಳ್ಳವರು ಎಂದು ಮೂರು ಗುಂಪುಗಳಾಗಿ ವಿಂಗಡಿಸಿತು. ಆನ್‌ಲೈನ್ ನೆರವು ಎಲ್ಲರಿಗೂ ಎಟುಕುವುದಿಲ್ಲವೆಂಬುದನ್ನು ಈ ವಿಂಗಡಣೆಯೇ ತೋರಿಸುತ್ತದೆ.

ಪ್ರಯೋಜನ ಮತ್ತು ಮಿತಿ

ಸಿದ್ಧ ಉತ್ತರವನ್ನಷ್ಟೇ ಕಳುಹಿಸಿದರೆ ಅದು ನಕಲಾಗುತ್ತದೆ. ಕಾರಣವನ್ನು ವಿವರಿಸಿದರೆ ಕಲಿಕೆಯಾಗುತ್ತದೆ. ಉದಾಹರಣೆಗೆ, ‘ಹಿ ಗೋ’ ಎಂದು ಬರೆದ ವಿದ್ಯಾರ್ಥಿಗೆ ‘ಹಿ ಗೋಸ್’ ಎಂಬ ಸರಿಯುತ್ತರವನ್ನು ಮಾತ್ರ ನೀಡಿದರೆ ಮುಂದಿನ ವಾಕ್ಯದಲ್ಲಿ ಅದೇ ತಪ್ಪು ಮರುಕಳಿಸಬಹುದು. ಕನ್ನಡದಲ್ಲಿ ‘ಅವನು ಹೋಗುತ್ತಾನೆ’, ‘ಅವರು ಹೋಗುತ್ತಾರೆ’ ಎಂದು ಕರ್ತೃವಿಗೆ ತಕ್ಕಂತೆ ಕ್ರಿಯಾಪದ ಬದಲಾಗುವುದನ್ನು ನೆನಪಿಸಿದರೆ ನಿಯಮ ಮನದಟ್ಟಾಗುತ್ತದೆ. ಹೀಗೆ ವಿವರಿಸುವ ವಿದ್ಯಾರ್ಥಿಯ ತಿಳಿವಳಿಕೆಯೂ ಗಟ್ಟಿಯಾಗುತ್ತದೆ. ಆದರೆ ಸಹಪಾಠಿಯೇ ತಪ್ಪಾಗಿ ತಿಳಿದಿದ್ದರೆ ಆ ತಪ್ಪು ಗುಂಪಿನಲ್ಲೆಲ್ಲ ಹರಡುತ್ತದೆ. ಆದ್ದರಿಂದ ಶಿಕ್ಷಕರ ಪರಿಶೀಲನೆ ಅಗತ್ಯ.