ಅಯ್ಯಾವೊಳೆ ಐನೂರ್ವರು: ಒಂದು ವರ್ತಕ ಸಂಘದ ಸದಸ್ಯತ್ವ

ಮಲಪ್ರಭಾ ನದಿಯ ದಡದ ಐಹೊಳೆ ಇಂದು ಚಾಲುಕ್ಯರ ಕಾಲದ ಗುಡಿಗಳಿಂದ ಹೆಸರಾಗಿದೆ. ಮಧ್ಯಯುಗದ ದಕ್ಷಿಣ ಭಾರತದ ಸಂತೆ ಪೇಟೆಗಳಲ್ಲಿ ಆ ಊರು ಪರಿಚಿತವಾಗಿದ್ದುದು ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘದ ಮೂಲಕ. ಐನೂರು ಎಂಬುದು ಇಲ್ಲಿ ತಲೆಯೆಣಿಕೆಯಲ್ಲ, ಬಿರುದು. ಬೇರೆ ಬೇರೆ ಜಾತಿ, ಮತ, ಭಾಷೆಗಳಿಗೆ ಸೇರಿದ ಸೆಟ್ಟಿಗಳು, ಗವರೆಗಳು, ಪರದೇಶಗಳಲ್ಲಿ ತಿರುಗುತ್ತಿದ್ದ ನಾನಾದೇಶಿಗಳು ಆ ಬಿರುದಿನಡಿ ಒಂದಾಗಿ, ‘ವೀರಬಣಂಜುಧರ್ಮ’ವೆಂಬ ವರ್ತಕರ ನಡಾವಳಿಯನ್ನು ಕಾಯುವವರೆಂದು ಶಾಸನಗಳಲ್ಲಿ ತಮ್ಮನ್ನು ಕರೆದುಕೊಂಡರು.

ಬಳ್ಳಿಗಾವೆಯ 11ನೆಯ ಶತಮಾನದ ಮಧ್ಯಭಾಗದ ಶಾಸನವೊಂದು ಇವರ ವಹಿವಾಟನ್ನು ವಿಸ್ತಾರವಾಗಿ ವರ್ಣಿಸುತ್ತದೆ: ಆನೆ, ಕುದುರೆಗಳನ್ನು ಮಾರುತ್ತ, ಮುತ್ತು, ಮಾಣಿಕ್ಯ, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿಗಳನ್ನು ಕತ್ತೆ ಕೋಣಗಳ ಮೇಲೆ ಹೇರಿ ಸಾಗಿಸುತ್ತಿದ್ದ ದೊಡ್ಡ ವ್ಯಾಪಾರಿಗಳೂ, ಹೆಗಲ ಮೇಲೆ ಸರಕು ಹೊತ್ತು ಊರೂರು ಅಲೆಯುತ್ತಿದ್ದವರೂ ಅಲ್ಲಿ ಒಂದೇ ಹೆಸರಿನಡಿ ನಿಲ್ಲುತ್ತಾರೆ. ಈ ಎರಡನೆಯವರಿಗೇ ಸದಸ್ಯತ್ವದ ಫಲ ಹೆಚ್ಚು ದಕ್ಕಿರಬೇಕೆಂದು ಊಹಿಸಲು ಅವಕಾಶವಿದೆ, ಏಕೆಂದರೆ ಸಿರಿವಂತ ಸೆಟ್ಟಿ ತನ್ನ ಹಣದಿಂದಲೇ ಕಾವಲುಗಾರರನ್ನು ಇಟ್ಟುಕೊಳ್ಳಬಲ್ಲವನಾಗಿದ್ದರೆ, ಹೊರೆ ಹೊತ್ತವನಿಗೆ ಒಬ್ಬ ಅರಸನ ಗಡಿ ದಾಟಿ ಮತ್ತೊಬ್ಬನ ಸುಂಕದ ಕಟ್ಟೆ ಮುಟ್ಟಿದಾಗ ಬೆನ್ನಿಗಿದ್ದುದು ಸಂಘದ ಹೆಸರು ಮಾತ್ರ. ಸಂಘದ ಪರವಾಗಿ ಕಾದುತ್ತಿದ್ದ ಆಯುಧಧಾರಿಗಳು ದಾರಿಯನ್ನೂ ಪೇಟೆಯನ್ನೂ ಕಾಯುತ್ತಿದ್ದರು. ತಮಿಳು ನಾಡಿನಲ್ಲಿಯೂ ಅದರ ಸುತ್ತಣ ಸೀಮೆಗಳಲ್ಲಿಯೂ ಇಂತಹ ವೀರರ ರಕ್ಷಣೆಯಲ್ಲಿದ್ದ ವ್ಯಾಪಾರಿ ಊರುಗಳಿಗೆ ‘ಎರಿವೀರಪಟ್ಟಣ’ ಎಂಬ ವಿಶೇಷ ಸ್ಥಾನವೂ ದೊರೆಯುತ್ತಿತ್ತು.

ಆದರೆ ಈ ಆಸರೆ ಪುಕ್ಕಟೆಯಾಗಿ ಬರುತ್ತಿರಲಿಲ್ಲ. ವರ್ತಕರು ಕೂಡಿ ನಿರ್ಣಯಿಸಿ, ಅಡಕೆ, ವೀಳ್ಯದೆಲೆ, ಮೆಣಸುಗಳ ಒಂದೊಂದು ಹೇರಿಗೆ, ಅಂದರೆ ಎತ್ತಿನ ಬೆನ್ನಿನ ಒಂದು ಹೊರೆಗೆ, ಹಾಗ, ವೀಸಗಳಂತಹ ಸಣ್ಣ ನಾಣ್ಯಗಳ ಲೆಕ್ಕದಲ್ಲಿ ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡು, ಆ ಆಯವನ್ನು ದೇವಾಲಯ ಬಸದಿಗಳಿಗೆ ಬಿಟ್ಟುಕೊಟ್ಟ ದಾಖಲೆಗಳು ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಸಿಗುತ್ತವೆ. ಇದನ್ನು ಬರಿಯ ಭಕ್ತಿಯೆಂದು ತಿಳಿಯುವುದು ಸಾಲದು. ಪರಸ್ಥಳದಿಂದ ಬಂದ ವ್ಯಾಪಾರಿ ಊರಿನವರ ಕಣ್ಣಿಗೆ ನಂಬಿಕಸ್ಥನಾಗುತ್ತಿದ್ದುದು ಇಂತಹ ದತ್ತಿಗಳಿಂದಲೇ, ಮತ್ತು ಆ ನಂಬಿಕೆ ಅವನ ಹಿಂದೆ ಬರುವ ಸಂಘದವನಿಗೂ ಒದಗುತ್ತಿತ್ತು.

ಐನೂರ್ವರದು ಒಂದೇ ಕೇಂದ್ರದ ಆಡಳಿತವಿದ್ದ ಸಂಸ್ಥೆಯೋ, ಅಲ್ಲಲ್ಲಿನ ಸ್ವತಂತ್ರ ಗುಂಪುಗಳು ಹಂಚಿಕೊಂಡ ಹೆಸರೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ಎರಡನೆಯದೇ ಹೆಚ್ಚು ಸಂಭವನೀಯವೆನಿಸುತ್ತದೆ, ಹಾಗಿದ್ದಲ್ಲಿ ಆ ಹೆಸರಿನ ಬಲ ಇನ್ನಷ್ಟು ಗಮನಾರ್ಹವಾಗುತ್ತದೆ: ಐಹೊಳೆಯಿಂದ ಬಹುದೂರದ ಸುಮಾತ್ರಾ ದ್ವೀಪದ ಬಾರುಸ್‌ನಲ್ಲಿ ದೊರೆತ 1088ರ ತಮಿಳು ಶಾಸನದಲ್ಲಿ, ಹಡಗಿನ ನಾಯಕನೂ ನಾವಿಕರೂ ಕಸ್ತೂರಿಯ ಬೆಲೆಗೆ ಸರಿಯಾಗಿ ಲೆಕ್ಕಹಾಕಿದ ಚಿನ್ನವನ್ನು ಶುಲ್ಕವಾಗಿ ಕೊಟ್ಟ ಬಳಿಕವೇ ಮುಂದಡಿಯಿಡಬೇಕೆಂದು ವಿಧಿಸುವವರು ಇದೇ ಐನೂರ್ವರು.