ಹೋಮ್ ಪಾರ್ಟಿಷನ್

ಲಿನಕ್ಸ್ ಗಣಕದಲ್ಲಿ ಬಳಕೆದಾರರ ಸ್ವಂತ ಕಡತಗಳಿಗೆಂದು ಡಿಸ್ಕಿನಲ್ಲಿ ಮೀಸಲಿಡುವ ಪ್ರತ್ಯೇಕ ಭಾಗ. ಬಳಸುವವರಿಗೆ ಇದು ‘ಹೋಮ್’ ಎಂಬ ಫೋಲ್ಡರಾಗಿಯೇ ಕಾಣುತ್ತದೆ. ಗಣಕ ಶುರುವಾಗುವಾಗ ‘ಎಫ್‌ಎಸ್‌ಟ್ಯಾಬ್’ ಕಡತದ ಸೂಚನೆಯಂತೆ ಈ ಭಾಗ ಅಲ್ಲಿಗೆ ಜೋಡಣೆಯಾಗುತ್ತದೆ.

ಹಿನ್ನೆಲೆ

1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನ ಪಿಡಿಪಿ-11 ಗಣಕದ ಮೊದಲ ಡಿಸ್ಕಿನಲ್ಲಿ ಲಿನಕ್ಸಿಗೆ ಮಾದರಿಯಾದ ಯುನಿಕ್ಸ್ ಹಿಡಿಸದೆ, ಬಳಕೆದಾರರ ಕಡತಗಳಿದ್ದ ಎರಡನೆಯ ಡಿಸ್ಕಿಗೂ ಹರಡಿತೆಂದು, ಬಳಕೆದಾರರ ಕಡತಗಳಿಗೆ ಬೇರೆ ಜಾಗ ಬೇಕೆಂಬ ಯೋಚನೆಗೆ ಇದೇ ಹಿನ್ನೆಲೆಯೆಂದು ಹೇಳಲಾಗುತ್ತದೆ. 2015ರ ಕಡತ ವ್ಯವಸ್ಥೆಯ ಮಾನಕ 3.0, ಹೋಮ್ ಅನ್ನು ಐಚ್ಛಿಕವೆಂದೇ ಪರಿಗಣಿಸುತ್ತದೆ. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಅನುಸ್ಥಾಪನೆಯಲ್ಲಿ ಎಲ್ಲವನ್ನೂ ಒಂದೇ ಭಾಗದಲ್ಲಿಡುವ, ಹೋಮ್ ಬೇರ್ಪಡಿಸುವ ಎರಡೂ ಆಯ್ಕೆಗಳಿವೆ. 2020ರ ಫೆಡೋರಾ ಲಿನಕ್ಸ್ 33ರಿಂದ ಡೆಸ್ಕ್‌ಟಾಪ್ ಆವೃತ್ತಿಗಳಲ್ಲಿ ಬಿಟಿಆರ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ ರೂಢಿಗೆ ಬಂದು, ಹೋಮ್ ಬೇರೆಯಾಗಿದ್ದರೂ ಖಾಲಿ ಜಾಗ ಉಳಿದ ಭಾಗದೊಂದಿಗೆ ಹಂಚಿಕೆಯಾಗುತ್ತದೆ.

ಕನ್ನಡ ಬಳಕೆಯಲ್ಲಿ

ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗಾಗಿ ಐಟಿ ಫಾರ್ ಚೇಂಜ್ ಸಂಸ್ಥೆಯು ರಾಜ್ಯದ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿ.ಎಸ್.ಇ.ಆರ್.ಟಿ. ಜೊತೆಗೂಡಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ಮೂಲಕ ಉಬುಂಟು ಎಂಬ ಲಿನಕ್ಸ್ ವಿತರಣೆ ಅನೇಕರ ಕೈಗೆ ಬಂತು. ಉಬುಂಟುವಿನ ದೀರ್ಘಾವಧಿ ಆವೃತ್ತಿಗೆ ಸಾಮಾನ್ಯ ಬೆಂಬಲ 5 ವರ್ಷ ಮಾತ್ರ. ಆಮೇಲೆ ಹೊಸದನ್ನು ಹಾಕಬೇಕು. ಆಗ ಹೋಮ್ ಭಾಗವನ್ನು ಫಾರ್ಮ್ಯಾಟ್ ಮಾಡದೆ ಬಿಟ್ಟರೆ ಪಾಠಟಿಪ್ಪಣಿ, ಪ್ರಶ್ನೆಪತ್ರಿಕೆಗಳು ಇದ್ದಲ್ಲೇ ಉಳಿಯುತ್ತವೆ.

ಹೋಮ್ ಬೇರ್ಪಡಿಸಲು ಕನ್ನಡದವರಿಗೆ ಇನ್ನೊಂದು ಕಾರಣವೂ ಇದೆ. ಕನ್ನಡ ಗಣಕ ಪರಿಷತ್ತಿನ (ಕೆಜಿಪಿ) ‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಬರೆದ ಕಡತ ಆ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೆರೆದುಕೊಳ್ಳುತ್ತದೆ. ಫಾಂಟನ್ನು ಬಳಕೆದಾರರ ಫೋಲ್ಡರಿನೊಳಗೆ ಹಾಕಿಕೊಂಡಿದ್ದರೆ ಅದು ಉಳಿಯುತ್ತದೆ. ಇಡೀ ಗಣಕಕ್ಕೆಂದು ಹಾಕಿದ್ದು ಮರುಸ್ಥಾಪನೆಯಲ್ಲಿ ಹೋಗುತ್ತದೆ. ಐಬಸ್‌ ಎಂಬ ಟೈಪಿಂಗ್ ತಂತ್ರಾಂಶದಲ್ಲಿ ಆರಿಸಿಕೊಂಡ ಕೆಜಿಪಿ ಕೀಲಿಮಣೆಯ ಆಯ್ಕೆ, ಲಿಬ್ರೆಆಫೀಸ್ ನಿಘಂಟಿಗೆ ಸೇರಿಸಿದ ಪದಗಳು ಹೋಮ್‌ನಲ್ಲೇ ಇರುತ್ತವೆ. ಆದರೆ ಕೀಲಿಮಣೆಯನ್ನು ಒದಗಿಸುವ ಎಂ17ಎನ್ ತಂತ್ರಾಂಶವನ್ನು ಮತ್ತೆ ಹಾಕಿಕೊಳ್ಳಬೇಕು.

ಕೊಪ್ಪಳ ಜಿಲ್ಲೆಯ ಹುಲಿಹೈದರ, ಕನಕಗಿರಿಯಂಥ ಕಡೆ ಶಾಲೆಯ ಒಂದೇ ಗಣಕವನ್ನು ಹಲವು ಶಿಕ್ಷಕರು ಬಳಸುವುದಾದರೆ ಖಾತೆಗಳ ಅನುಕ್ರಮ ಮುಖ್ಯ. ಲಿನಕ್ಸ್ ಕಡತದ ಒಡೆಯರನ್ನು ಹೆಸರಿನಿಂದಲ್ಲ, ಸಂಖ್ಯೆಯಿಂದ ಗುರುತಿಸುತ್ತದೆ. ಉಬುಂಟುವಿನಲ್ಲಿ ಮೊದಲ ಖಾತೆಗೆ ಸಾಮಾನ್ಯವಾಗಿ 1000, ಎರಡನೆಯದಕ್ಕೆ 1001. ಮರುಸ್ಥಾಪನೆಯ ನಂತರ ಖಾತೆಗಳನ್ನು ಅದಲುಬದಲಾಗಿ ತೆರೆದರೆ ಒಬ್ಬರ ಕಡತ ಮತ್ತೊಬ್ಬರ ಹೆಸರಿಗೆ ಹೋಗುತ್ತದೆ. ಹಳೆಯ ಸಂಖ್ಯೆಗಳನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಮಿತಿಗಳು

ಸಣ್ಣ ಡಿಸ್ಕಿನಲ್ಲಿ ಒಂದು ಭಾಗ ತುಂಬಿ ಇನ್ನೊಂದು ಖಾಲಿ ಬಿದ್ದಿರಬಹುದು. ಇಎಕ್ಸ್‌ಟಿ4 ಭಾಗವನ್ನು ಬಳಕೆಯಲ್ಲಿರುವಾಗಲೇ ಹಿಗ್ಗಿಸಬಹುದು, ಕುಗ್ಗಿಸಲು ಮಾತ್ರ ಜೋಡಣೆಯಿಂದ ಕಳಚಬೇಕು. ಹಳೆಯ ಆವೃತ್ತಿಯ ಸಂಯೋಜನೆಗಳು ಹೊಸದರಲ್ಲಿ ತೊಡಕಾಗುವುದೂ ಉಂಟು.

ಮೌಲ್ಯಮಾಪನ

ಪದೇಪದೇ ಮರುಸ್ಥಾಪನೆ ಮಾಡುವವರಿಗೆ, ಹಲವರು ಬಳಸುವ ಗಣಕಕ್ಕೆ ಬೇರ್ಪಡಿಕೆ ಉಪಯುಕ್ತ. ಸಣ್ಣ ಡಿಸ್ಕಿನ ಮನೆಯ ಗಣಕಕ್ಕೆ ಅನಿವಾರ್ಯವಲ್ಲ. ಸಾಮಾನ್ಯವಾಗಿ ಎರಡೂ ಭಾಗಗಳಿರುವುದು ಒಂದೇ ಡಿಸ್ಕಿನಲ್ಲಾದ್ದರಿಂದ, ಡಿಸ್ಕ್ ಕೆಟ್ಟರೆ ಎರಡೂ ಹೋಗುತ್ತವೆ. ಆದ್ದರಿಂದ ಯಾವ ಕ್ರಮ ಅನುಸರಿಸಿದರೂ ಬೇರೊಂದು ಡಿಸ್ಕಿನಲ್ಲಿ ಕಡತಗಳ ಪ್ರತಿ ಇರಲೇಬೇಕು.