ತಾತನ ಪೆಟ್ಟಿಗೆ ಮತ್ತು ಹನ್ನೊಂದು ಹೊಸ ರೀಡುಗಳು

ಹೋದ ಮಳೆಗಾಲದಲ್ಲಿ ಊರಿಗೆ ಹೋಗಿದ್ದಾಗ ಅಟ್ಟದ ಮೇಲಿಂದ ತಾತನ ಹಾರ್ಮೋನಿಯಂ ಇಳಿಸಿದೆ. ನಮ್ಮೂರು ಆಲೂರು ತಾಲ್ಲೂಕಿನ ಮಗ್ಗೆ. ತಿದಿ ಒತ್ತಿದರೆ ಸ್ವರಕ್ಕಿಂತ ಮೊದಲು ಜಿರಲೆ ಹೊರಗೆ ಬಂತು :-) ನಮ್ಮ ಕಡೆಯ ಮಳೆ, ಥಂಡಿ ಗೊತ್ತಿದ್ದವರಿಗೆ ಆಶ್ಚರ್ಯವಾಗಲಾರದು. ಮರ ಉಬ್ಬಿ, ಒತ್ತಿದ ಮನೆಗಳು ಮೇಲೇಳುತ್ತಿರಲಿಲ್ಲ. ತಿದಿಯ ಬಟ್ಟೆಗೆ ಬೂಷ್ಟು, ಹಿತ್ತಾಳೆ ರೀಡುಗಳಿಗೆ ಕಿಲುಬು.

ತಾತ ನಾಟಕದ ಮೇಷ್ಟ್ರು. ಹಾಸನ, ಮಂಡ್ಯ, ತುಮಕೂರು ಕಡೆಯ ಹಳ್ಳಿಗಳಲ್ಲಿ ಇವತ್ತಿಗೂ 'ಕುರುಕ್ಷೇತ್ರ' ಆಡುತ್ತಾರಲ್ಲ, ಅದರ ಮೇಷ್ಟ್ರು. ಬೇಸಾಯ ಮಾಡುವವರೇ ದುಡ್ಡು ಕೊಟ್ಟು ಪಾತ್ರ ಹಿಡಿಯುತ್ತಾರೆ, ತಿಂಗಳುಗಟ್ಟಲೆ ರಾತ್ರಿ ಹೊತ್ತು ಅಭ್ಯಾಸ ಮಾಡುತ್ತಾರೆ. ಮೇಷ್ಟ್ರು ಪೆಟ್ಟಿಗೆ ಮುಂದೆ ಕೂತು ಒಬ್ಬೊಬ್ಬರಿಗೂ ಕಂದಪದ್ಯ, ಹಾಡು ಬಾಯಿಪಾಠ ಮಾಡಿಸಬೇಕು. ಓದು ಬಾರದ ದುರ್ಯೋಧನನಿಗೂ ಶ್ರುತಿ ಹಿಡಿದು ಹಾಡಲು ಕಲಿಸುತ್ತಿದ್ದದ್ದು ಈ ಪೆಟ್ಟಿಗೆಯೇ.

ರಿಪೇರಿ ಮಾಡಿಸೋಣ ಅಂತ ಬೆಂಗಳೂರಿನ ಬಳೇಪೇಟೆಗೆ ತಂದೆ. ಅಲ್ಲಿನ ಕೆಲಸಗಾರರೊಬ್ಬರು ಬಿಚ್ಚಿ ನೋಡಿ ಹೇಳಿದ್ದು ಇಷ್ಟು: "ಹೊಸ ಸೆಟ್ ರೀಡು ಹಾಕಿದ್ರೆ ಒಂದು ದಿನದ ಕೆಲಸ ಸಾರ್. ಹಳೇದೇ ಉಳಿಸ್ಕೋಬೇಕು ಅಂದ್ರೆ ನೀವೇ ತಾಳ್ಮೆಯಿಂದ ಕೂತು ಮಾಡ್ಕೋಬೇಕು." ಫೋನಿನಲ್ಲಿ ದೊಡ್ಡಪ್ಪನನ್ನು ಕೇಳಿದೆ. "ಏನಾದ್ರೂ ಮಾಡಪ್ಪ, ಆದ್ರೆ ಅಪ್ಪನ ಪೆಟ್ಟಿಗೆ ದನಿ ಮಾತ್ರ ಹೋಗ್ಬಾರ್ದು ಕಣೋ" ಅಂದರು. ಸರಿ, ನಾನೇ ಕೂತೆ.

ಕೆಲಸ ಮಾಡುತ್ತಾ ಈ ಪೆಟ್ಟಿಗೆಯ ಚರಿತ್ರೆಯನ್ನೂ ಓದುತ್ತಾ ಹೋದೆ. ಒಂದು ಚೌಕಟ್ಟಿನ ಸೀಳಿನೊಳಗೆ ಸಲೀಸಾಗಿ ಆಡುವ ತೆಳು ನಾಲಗೆ, ಗಾಳಿ ಹೋದಾಗ ಕಂಪಿಸಿ ಸ್ವರ ಕೊಡುತ್ತದೆ. ಚೀನಾದ 'ಶೆಂಗ್' ಎಂಬ ಬಾಯಿವಾದ್ಯದಲ್ಲಿ ಈ ತಂತ್ರ ಸಾವಿರಾರು ವರ್ಷಗಳಿಂದ ಇದೆ. 1840ರ ದಶಕದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬೆಯ್ನ್ ತನ್ನ ವಾದ್ಯಕ್ಕೆ 'ಹಾರ್ಮೋನಿಯಂ' ಎಂಬ ಹೆಸರಿಟ್ಟು ಪೇಟೆಂಟ್ ಪಡೆದ. ಅದು ಮೇಜಿನಷ್ಟು ದೊಡ್ಡದು, ಕುರ್ಚಿಯಲ್ಲಿ ಕೂತು ಕಾಲಿನಿಂದ ತಿದಿ ತುಳಿಯಬೇಕು. ಪಾದ್ರಿಗಳ ಜೊತೆ, ಸಾಹೇಬರ ಜೊತೆ ಇಲ್ಲಿಗೂ ಬಂತು. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಕಾಲುಗಳನ್ನು ತೆಗೆದುಹಾಕಿ, ತಿದಿಯನ್ನು ಹಿಂಬದಿಗೆ ತಂದು, ನೆಲದ ಮೇಲೆ ಕೂತು ಒಂದು ಕೈಯಲ್ಲಿ ಗಾಳಿ ಹಾಕಿ ಇನ್ನೊಂದರಲ್ಲಿ ನುಡಿಸುವ ಪೆಟ್ಟಿಗೆಯನ್ನು ಜನಪ್ರಿಯಗೊಳಿಸಿದರು. ಆದರೂ ನಮ್ಮ ಕಂಪನಿ ನಾಟಕದವರು ಕಾಲಿನದನ್ನು ಬಿಡಲಿಲ್ಲ. ಲೆಗ್ ಹಾರ್ಮೋನಿಯಂನಲ್ಲಿ ಎರಡೂ ಕೈ ಖಾಲಿ, ದನಿಯೂ ಜೋರು. ಮೈಕ್ ಇಲ್ಲದ ಕಾಲದಲ್ಲಿ ಕೊನೇ ಸಾಲಿನವರಿಗೂ ಕೇಳಬೇಕಲ್ಲ!

ಮೊದಮೊದಲು ರೀಡುಗಳೂ ಪ್ಯಾರಿಸ್, ಜರ್ಮನಿಗಳಿಂದಲೇ ಬರಬೇಕಿತ್ತು. ಆಮೇಲೆ ಗುಜರಾತಿನ ಪಾಲಿತಾಣಾ ರೀಡುಗಳಿಗೆ ಹೆಸರಾಯಿತು. ನಾನು ತಂದದ್ದೂ ಪಾಲಿತಾಣಾದವೇ.

ಇಷ್ಟೆಲ್ಲಾ ಆದರೂ 'ಪರದೇಶಿ' ಎಂಬ ಹಣೆಪಟ್ಟಿ ಹೋಗಲಿಲ್ಲ. ಗಮಕ ಬರುವುದಿಲ್ಲ, ಸ್ವರದಿಂದ ಸ್ವರಕ್ಕೆ ಜಾರಲು ಆಗುವುದಿಲ್ಲ, ಶ್ರುತಿಯೇ ಸರಿಯಿಲ್ಲ ಅಂತ ದೂರು. ಕೊನೆಯದು ಲೆಕ್ಕದಲ್ಲೂ ನಿಜ. ಒಂದು ಸ್ಥಾಯಿಯನ್ನು 1200 ಸೆಂಟ್ ಅಂತ ಭಾಗ ಮಾಡಿದರೆ, ಕಿವಿಗೆ ಹಿತವಾಗಿ ಷಡ್ಜದ ಜೊತೆ ಬೆರೆಯುವ ಅಂತರ ಗಾಂಧಾರ ಸುಮಾರು 386ರಲ್ಲಿದೆ. ಹನ್ನೆರಡು ಸಮಪಾಲು ಮಾಡಿದ ಹಾರ್ಮೋನಿಯಂನಲ್ಲಿ ಅದು 400. ರವೀಂದ್ರನಾಥ ಠಾಕೂರರಿಗೂ ಈ ವಾದ್ಯ ಆಗುತ್ತಿರಲಿಲ್ಲ. 1940ರ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ಅನ್ನು ನಿಷೇಧಿಸಿತು. ಅದು ಸಡಿಲವಾದದ್ದು 1971ರಲ್ಲಿ, ಅದೂ ಷರತ್ತುಗಳೊಂದಿಗೆ. ಮೂವತ್ತು ವರ್ಷಕ್ಕೂ ಮಿಕ್ಕಿ!

ಆ ಮೂವತ್ತು ವರ್ಷ ಪೆಟ್ಟಿಗೆ ಸುಮ್ಮನಿತ್ತೇ? ಇಲ್ಲ. ಬೆಳಗಾವಿಯ ರಾಮಭಾವು ಬಿಜಾಪುರೆ (1917-2010) ಅವರಂಥವರು ದೊಡ್ಡ ದೊಡ್ಡ ಗಾಯಕರ ಪಕ್ಕದಲ್ಲಿ ಕೂತು ನುಡಿಸುತ್ತಲೇ ಇದ್ದರು. ನಾಟಕ ಕಂಪನಿಗಳಲ್ಲಿ, ಭಜನೆಯಲ್ಲಿ, ನಮ್ಮಂಥ ಹಳ್ಳಿಗಳ 'ಕುರುಕ್ಷೇತ್ರ'ದಲ್ಲಿ ಅದಿಲ್ಲದೆ ಆಟವೇ ಶುರುವಾಗುತ್ತಿರಲಿಲ್ಲ. ದೆಹಲಿಯಲ್ಲಿ ನಿಷೇಧ ಆದದ್ದು ತಾತನಿಗೆ ಗೊತ್ತಿತ್ತೋ ಇಲ್ಲವೋ, ಗೊತ್ತಿದ್ದರೂ ಅವರೇನು ನಿಲ್ಲಿಸುತ್ತಿರಲಿಲ್ಲ ಬಿಡಿ.

ಈಗ ರಿಪೇರಿಗೆ ಬರುತ್ತೇನೆ. 39 ಮನೆ, ಎರಡು ಸಾಲು, ಒಟ್ಟು 78 ರೀಡು. ಒಂದೊಂದನ್ನೇ ಬಿಚ್ಚಿ, ನಂಬರ್ ಬರೆದು, ಮೃದುವಾದ ಬ್ರಶ್ಶಿನಿಂದ ಉಜ್ಜಿದೆ. 67 ಬದುಕಿದವು. 11 ಸೀಳಿದ್ದವು, ಇಲ್ಲವೇ ನಾಲಗೆಯೇ ಮುರಿದಿತ್ತು. ಅವುಗಳ ಜಾಗಕ್ಕೆ ಹೊಸವನ್ನು ಹಾಕಿ ನುಡಿಸಿದರೆ ಅಪಸ್ವರ! ಮೊಬೈಲಿನ ಟ್ಯೂನರಿನಲ್ಲಿ ನೋಡಿದೆ. ಹೊಸವು 440 ಹರ್ಟ್ಸ್‌ನ ಲೆಕ್ಕಕ್ಕೆ ಸರಿಯಾಗಿದ್ದವು. ತಾತನವು ಅದೇ ಸ್ವರಕ್ಕೆ 447 ತೋರಿಸಿದವು. 440 ಎಂಬುದು 1939ರಲ್ಲಿ ಲಂಡನ್ನಿನ ಸಭೆಯೊಂದರಲ್ಲಿ ಒಪ್ಪಿಕೊಂಡ ಅಳತೆ. ಅದಕ್ಕೂ ಮೊದಲು ಇಂಗ್ಲೆಂಡಿನಲ್ಲೇ 452ರ ಹತ್ತಿರ ಶ್ರುತಿ ಮಾಡುವ ರೂಢಿಯಿತ್ತು.

ಎರಡು ದಾರಿ. 67 ಹಳೆಯವನ್ನು ಇಳಿಸಬೇಕು, ಅಥವಾ 11 ಹೊಸವನ್ನು ಏರಿಸಬೇಕು. ಹಳೆಯವನ್ನು ಇಳಿಸಿದರೆ ಈಗಿನ ಕೀಬೋರ್ಡಿನ ಜೊತೆ ಹೊಂದುತ್ತದೆ, ನಾಟಕಕ್ಕೆ ಮತ್ತೆ ಕೊಂಡೊಯ್ಯಬಹುದು. ಏರಿಸಿದರೆ ತಾತನ ಶ್ರುತಿ ಉಳಿಯುತ್ತದೆ, ಆದರೆ ಪೆಟ್ಟಿಗೆ ಒಂಟಿಯಾಗುತ್ತದೆ. ಎರಡು ದಿನ ಯೋಚಿಸಿದೆ. ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ, ಬುಡದ ಹತ್ತಿರ ಕೆರೆದರೆ ಇಳಿಯುತ್ತದೆ. ಕೆರೆದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ. ನಮ್ಮ ಸಾಫ್ಟ್‌ವೇರಿನ ಹಾಗೆ ಇಲ್ಲಿ 'ಅನ್‌ಡೂ' ಇಲ್ಲ. ಕೊನೆಗೆ ಹೊಸವನ್ನೇ ಏರಿಸಿದೆ. ಒಂದನ್ನು ಅತಿಯಾಗಿ ಕೆರೆದು ಮುರಿದೂಬಿಟ್ಟೆ, ಹನ್ನೆರಡನೆಯದು ತರಬೇಕಾಯಿತು.

ದಸರೆಗೆ ಪೆಟ್ಟಿಗೆ ಊರಿಗೆ ಹೋಯಿತು. ಕರ್ಣನ ಪಾತ್ರ ಮಾಡುತ್ತಿದ್ದ ದೊಡ್ಡಪ್ಪ ಕಣ್ಣುಮುಚ್ಚಿ ಒಂದು ಪದ್ಯ ಹೇಳಿದರು. ಎತ್ತರದ ಷಡ್ಜಕ್ಕೆ ದನಿ ಏರಲಿಲ್ಲ, ವಯಸ್ಸಾಯಿತಲ್ಲ. "ಪೆಟ್ಟಿಗೆ ಅದೇ ಕಣೋ, ನಾನೇ ಇಳಿದುಬಿಟ್ಟೆ" ಅಂತ ನಕ್ಕರು.

ಹೊಸ ರೀಡು, ಹೊಸ ಚರ್ಮ, ಹೊಸ ತಿದಿ ಬಟ್ಟೆ... ಇದು ತಾತನದೇ ಪೆಟ್ಟಿಗೆ ಹೌದೋ ಅಲ್ಲವೋ ಅಂತ ಗೆಳೆಯನೊಬ್ಬ ಕೇಳಿದ. ಯೋಚಿಸಿದರೆ, ಹಾರ್ಮೋನಿಯಂ ಈ ದೇಶಕ್ಕೆ ಬಂದಾಗಿನಿಂದ ಜನ ಮಾಡಿದ್ದೂ ಇದನ್ನೇ. ಕಾಲು ತೆಗೆದರು, ತಿದಿ ಬದಲಿಸಿದರು, ರೀಡು ತಾವೇ ಮಾಡಿಕೊಂಡರು. ಬಿಡಿಭಾಗ ಬದಲಾಗುತ್ತಾ ಆಗುತ್ತಾ ಅದು ನಮ್ಮದಾಯಿತು. ಯಾವ ಶ್ರುತಿಗೆ ಕೂಡಿಸುತ್ತೇವೆ ಅನ್ನುವುದರ ಮೇಲೆ ಅದು ಯಾರದು ಅನ್ನುವುದು ನಿಂತಿದೆ ಅನ್ನಿಸುತ್ತದೆ.

ನಿಮ್ಮ ಮನೆ ಅಟ್ಟದಲ್ಲೂ ಇಂಥ ಪೆಟ್ಟಿಗೆ ಇದ್ದರೆ ಒಮ್ಮೆ ಇಳಿಸಿ ನೋಡಿ. ಜಿರಲೆಗೆ ಹೆದರಬೇಡಿ :-)